ಉ: ಅಮೆರಿಕದ ಮಾತು ಮೀರಿ ಹೊರಟವರು
'ಅಮೆರಿಕ ಬೇಡ ಅಂದರೂ ಆಫ್ಘಾನಿಸ್ತಾನದಿಂದ ಸೇನೆ ವಾಪಸ್ ಕರೆಸಿಕೊಂಡ ನೇಟೋ ದೇಶ ಇದೆಯಾ' ಅಂತ ಕೇಳಿದ್ದೀರಿ ಸರ್. ಇದೆ, ನೆದರ್‌ಲೆಂಡ್ಸ್. ಅವರ ಸೇನೆ ಆಫ್ಘಾನಿಸ್ತಾನದ ಉರುಜ್ಗಾನ್ ಪ್ರಾಂತ್ಯಕ್ಕೆ 2006ರಲ್ಲಿ ಹೋಗಿದ್ದೇ ಎರಡು ವರ್ಷಕ್ಕೆ ಅಂತ. ಅದು 2010ರವರೆಗೆ ಎಳೆಯಿತು. ಅತ್ತ ಒಬಾಮ 30,000 ಸೈನಿಕರನ್ನು ಹೆಚ್ಚುವರಿಯಾಗಿ ಕಳಿಸುತ್ತಿದ್ದರು. ಇತ್ತ ನೇಟೋ ಡಚ್ಚರಿಗೆ (ನೆದರ್‌ಲೆಂಡ್ಸ್‌ನವರಿಗೆ), ಕಡಿಮೆ ಜನ ಆದರೂ ಸರಿ, ತರಬೇತಿಗಾದರೂ ಇರಿ ಎಂದಿತು. ಪ್ರಧಾನಿ ಬಾಲ್ಕನೆಂಡೆ ಪಕ್ಷಕ್ಕೆ ಮನಸ್ಸಿತ್ತು. ಮೈತ್ರಿ ಸರ್ಕಾರದಲ್ಲಿ ಜೊತೆಗಿದ್ದ ಲೇಬರ್ ಪಕ್ಷ ಸುತಾರಾಂ ಒಪ್ಪಲಿಲ್ಲ. ಜನಕ್ಕೆ ವಾಪಸ್ ಬರ್ತೀವಿ ಅಂತ ಮಾತು ಕೊಟ್ಟಾಗಿತ್ತಲ್ವಾ. ಇದೇ ಜಗಳದಲ್ಲಿ 2010ರ ಫೆಬ್ರವರಿ 20ರಂದು ಸರ್ಕಾರವೇ ಬಿತ್ತು! ಮಾರ್ಚ್‌ನಲ್ಲಿ ಸ್ಥಳೀಯ ಚುನಾವಣೆ ಬೇರೆ ಇತ್ತು, ಆ ಲೆಕ್ಕಾಚಾರವೂ ಸೇರಿತ್ತು ಅನ್ನೋದು ನನ್ನ ಅನಿಸಿಕೆ. ಆಗಸ್ಟ್ 1ಕ್ಕೆ ಡಚ್ಚರ ಕಾರ್ಯಾಚರಣೆ ಮುಗಿಯಿತು. ಉರುಜ್ಗಾನ್ ಹೊಣೆ ಅಮೆರಿಕ, ಆಸ್ಟ್ರೇಲಿಯಾಗಳ ಹೆಗಲಿಗೆ ಹೋಯಿತು.