ರೋಮ್‌ಗೆ ಒಂದು ವಾರ, ಅಪ್ಪ ಅಮ್ಮನ ಜೊತೆ: ಹೇಗೆ ಪ್ಲಾನ್ ಮಾಡಬೇಕು?

ನೀವು ಕೇಳಿರುವುದು ಇಷ್ಟು. ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಒಂದು ವಾರ ರೋಮ್‌ಗೆ ಹೋಗುತ್ತಿದ್ದೀರಿ. ಶಾಪಿಂಗ್ ಬೇಡ, ಇತಿಹಾಸ, ಕಲೆ, ಹಳೇ ಕಟ್ಟಡ ನೋಡಬೇಕು. ಮೂವರೂ ಸಸ್ಯಾಹಾರಿಗಳು. ಅಮ್ಮನಿಗೆ ಮಂಡಿ ನೋವು. ಅಪ್ಪ ಕೆಇಬಿಯಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು, ಚಿತ್ರ ಶಿಲ್ಪ ಅಂದ್ರೆ ಅಷ್ಟಕ್ಕಷ್ಟೆ. ಮಧ್ಯೆ ಎರಡು ದಿನ ಫ್ಲಾರೆನ್ಸ್, ವೆನಿಸ್ ಕೂಡ ಸೇರಿಸಬಹುದಾ?

ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ಫ್ಲಾರೆನ್ಸ್‌ಗೆ ಫಾಸ್ಟ್ ಟ್ರೈನಲ್ಲಿ ಒಂದೂವರೆ ಗಂಟೆ, ವೆನಿಸ್‌ಗೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಕಾಗದದ ಮೇಲೆ ಸುಲಭವಾಗಿ ಕಾಣುತ್ತದೆ. ಆದರೆ ರೂಮ್ ಖಾಲಿ ಮಾಡುವುದು, ಸೂಟ್‌ಕೇಸ್ ಎಳೆಯುವುದು, ಹೊಸ ರೂಮ್ ಹುಡುಕುವುದು ಇದರಲ್ಲೇ ಎರಡು ದಿನ ಹೋಗುತ್ತದೆ. ಅದೂ ಮಂಡಿ ನೋವು ಇಟ್ಟುಕೊಂಡು. ಒಂದು ವಾರ ಪೂರ್ತಿ ರೋಮ್‌ಗೇ ಕೊಡಿ, ಅದೂ ಸಾಲದು ಅನಿಸುತ್ತದೆ.

ನಾನು ಓದಿಗೆಂದು ಅಲ್ಲಿದ್ದವನು. ಊರಿಂದ ಯಾರು ಬಂದರೂ ಸುತ್ತಿಸುವ ಕೆಲಸ ನನ್ನದೇ ಆಗಿತ್ತು. ಹೆಚ್ಚಿನವರು ಮೂರನೇ ದಿನಕ್ಕೆ ಹೇಳುತ್ತಿದ್ದ ಮಾತು ಒಂದೇ: "ಎಲ್ಲಾ ಕಲ್ಲೂ ಒಂದೇ ಥರ ಕಾಣ್ತಿದೆ ಕಣೋ." ಅದು ಕಲ್ಲಿನ ತಪ್ಪಲ್ಲ. ಬೆಳಗ್ಗೆ ಕೊಲೋಸಿಯಂ, ಮಧ್ಯಾಹ್ನ ವ್ಯಾಟಿಕನ್, ಸಂಜೆ ಟ್ರೆವಿ ಕಾರಂಜಿ ಅಂತ ತುಂಬಿದರೆ ಯಾರಿಗಾದರೂ ತಲೆ ಕೆಡುತ್ತದೆ. ದಿನಕ್ಕೆ ದೊಡ್ಡ ಜಾಗ ಒಂದೇ, ಅದೂ ಬೆಳಗ್ಗೆ. ಊಟ ಆದ ಮೇಲೆ ರೂಮಿಗೆ ಬಂದು ಕಾಲು ಚಾಚಿ ಮಲಗಿ. ನಾಲ್ಕು ಗಂಟೆ ಮೇಲೆ ಮತ್ತೆ ಹೊರಡಿ. ಅಲ್ಲಿನ ಎಷ್ಟೋ ಚರ್ಚ್‌ಗಳು ಮಧ್ಯಾಹ್ನ ಬಾಗಿಲು ಹಾಕಿ ನಾಲ್ಕರ ಹೊತ್ತಿಗೆ ತೆರೆಯುತ್ತವೆ. ಊರೇ ಮಲಗುವಾಗ ನಾವೂ ಮಲಗಿದರೆ ನಷ್ಟ ಏನಿಲ್ಲ.

ಮುಂಚೆಯೇ ಬುಕ್ ಮಾಡಲೇಬೇಕಾದ್ದು ಮೂರು: ಕೊಲೋಸಿಯಂ, ವ್ಯಾಟಿಕನ್ ಮ್ಯೂಸಿಯಂ, ಬೋರ್ಗೇಸೆ ಗ್ಯಾಲರಿ. ಮೂರಕ್ಕೂ ಗಂಟೆ ನಿಗದಿಯಾದ ಟಿಕೆಟ್. ಅವರವರ ಅಧಿಕೃತ ಸೈಟಿನಲ್ಲೇ ತಗೊಳ್ಳಿ. ಕೊಲೋಸಿಯಂ ಟಿಕೆಟಿನಲ್ಲಿ ಹೆಸರು ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಟೈಪ್ ಮಾಡಿ. ಗೇಟಿನ ಹತ್ತಿರ "ಕ್ಯೂ ಇಲ್ಲದೆ ಒಳಗೆ ಬಿಡ್ತೀವಿ" ಅಂತ ಬೆನ್ನು ಹತ್ತುವವರ ಕಡೆ ತಿರುಗಿಯೂ ನೋಡಬೇಡಿ. ಹಳೇ ರೋಮನ್ ಗುಡಿ ಪ್ಯಾಂಥಿಯನ್‌ಗೂ 2023ರಿಂದ ಟಿಕೆಟ್ ಇದೆ, ಅದನ್ನು ಒಂದೆರಡು ದಿನ ಮುಂಚೆ ತಗೊಂಡರೂ ಸಾಮಾನ್ಯವಾಗಿ ನಡೆಯುತ್ತದೆ.

ವಾರದ ಲೆಕ್ಕ ಸ್ವಲ್ಪ ನೋಡಿಕೊಳ್ಳಿ. ಸೋಮವಾರ ಬೋರ್ಗೇಸೆ ಮತ್ತು ಕೆಲವು ಒಳ್ಳೆಯ ಮ್ಯೂಸಿಯಂಗಳಿಗೆ ರಜೆ. ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಇಲ್ಲ. ತಿಂಗಳ ಕೊನೇ ಭಾನುವಾರ ಫ್ರೀ ಇರುತ್ತದೆ, ಆದರೆ ಆ ನೂಕುನುಗ್ಗಲಿಗೆ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಬುಧವಾರ ಬೆಳಗ್ಗೆ ಪೋಪ್ ಜನರಿಗೆ ದರ್ಶನ ಕೊಡುವುದರಿಂದ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚ್ ಕಡೆ ಸುಳಿಯಬೇಡಿ. ಹಾಗಾಗಿ ಸೋಮವಾರಕ್ಕೆ ಕೊಲೋಸಿಯಂ ಇಟ್ಟುಕೊಂಡರೆ ಉಳಿದದ್ದು ತಾನೇ ಹೊಂದಿಕೊಳ್ಳುತ್ತದೆ.

ಕೊಲೋಸಿಯಂ ಕ್ರಿ.ಶ. 80ರಲ್ಲಿ ತೆರೆದದ್ದು. ಒಳಗೆ ಒಂದು ಗಂಟೆ ಸಾಕು. ಅದೇ ಟಿಕೆಟಿನಲ್ಲಿ ಬರುವ ಫೋರಮ್ (ಹಳೇ ರೋಮ್‌ನ ಪೇಟೆ ಚೌಕ) ಮತ್ತು ಪ್ಯಾಲಟೈನ್ ಗುಡ್ಡಕ್ಕೆ ಸಮಯ ಉಳಿಸಿ. ಫೋರಮ್ ಕಥೆ ಗೊತ್ತಿಲ್ಲದೆ ನೋಡಿದರೆ ಮುರಿದ ಕಂಬಗಳ ಬಯಲು ಅಷ್ಟೇ. ನಾನು ಎಲ್ಲರನ್ನೂ ಮೊದಲು ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದದ್ದು ಮ್ಯಾಕ್ಸೆಂಟಿಯಸ್ ಬಸಿಲಿಕಾ ಎಂಬ ಹಳೇ ಸಭಾಂಗಣದ ಮುಂದೆ. ಮೂರು ಭಾರಿ ಕಮಾನು ಉಳಿದಿವೆ, ದೂರದಿಂದಲೇ ಕಾಣುತ್ತವೆ. ಆ ಕಟ್ಟಡ ಏಳುವ ಮೊದಲು ಅದೇ ಜಾಗದಲ್ಲಿ ಕಾಳುಮೆಣಸಿನ ಉಗ್ರಾಣ ಇತ್ತು. ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ್ದು. ಮೆಣಸು ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ದುಡ್ಡು ಇಂಡಿಯಾಕ್ಕೆ ಹರಿದು ಹೋಗುತ್ತಿದೆ ಅಂತ ರೋಮನ್ ಲೇಖಕ ಪ್ಲಿನಿ ಆಗಲೇ ಗೊಣಗಿದ್ದ. ಆ ಕಾಲದ ರೋಮನ್ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಇದನ್ನು ಕೇಳಿದ ನಮ್ಮ ಚಿಕ್ಕಪ್ಪ, "ಹಾಗಾದ್ರೆ ನಮ್ಮ ಮೆಣಸಿನ ಸಾರಿನ ಸಾಮಾನು ಇವರ ಗೋಡೌನಲ್ಲಿತ್ತು ಅನ್ನು" ಅಂದವರು ಅಲ್ಲಿಂದ ಮುಂದೆ ಪ್ರತಿ ಕಲ್ಲಿಗೂ "ಇದೇನಿದು" ಅಂತ ಕೇಳುತ್ತಲೇ ಬಂದರು.

ಕೊಲೋಸಿಯಂನಿಂದ ಸ್ವಲ್ಪವೇ ದೂರ ಸಾನ್ ಕ್ಲೆಮೆಂತೆ ಚರ್ಚ್. ಇಡೀ ರೋಮ್‌ನಲ್ಲಿ ಒಂದೇ ಜಾಗ ಆರಿಸು ಅಂದ್ರೆ ನಾನು ಆರಿಸುವುದು ಇದನ್ನೇ. ಮೇಲೆ ಇರುವುದು 12ನೇ ಶತಮಾನದ ಚರ್ಚ್. ಟಿಕೆಟ್ ತಗೊಂಡು ಮೆಟ್ಟಿಲು ಇಳಿದರೆ 4ನೇ ಶತಮಾನದ ಚರ್ಚ್. ಇನ್ನೂ ಇಳಿದರೆ ರೋಮನ್ನರ ಕಾಲದ ಮನೆ, ಓಣಿ, ಮಿತ್ರ ಎಂಬ ದೇವರ ಪೂಜೆ ನಡೆಯುತ್ತಿದ್ದ ಕೋಣೆ. ಕೋಣೆಯ ಎರಡೂ ಕಡೆ ಕಲ್ಲಿನ ಜಗಲಿ, ಮಧ್ಯೆ ಬಲಿಪೀಠ, ಅದರ ಮೇಲೆ ಮಿತ್ರ ಗೂಳಿಯನ್ನು ಕೊಲ್ಲುವ ಕೆತ್ತನೆ. ಅಲ್ಲಿ ಮಾತು ನಿಲ್ಲಿಸಿ ಕಿವಿಗೊಡಿ, ಗೋಡೆಯಾಚೆ ನೀರು ಹರಿಯುವ ಸದ್ದು ಕೇಳಿಸುತ್ತದೆ. 

ನಡುವಿನ ಅಂತಸ್ತಿನಲ್ಲಿ ಒಂದು ಗೋಡೆಚಿತ್ರ ಹುಡುಕಿ. ಸಿಸಿನಿಯಸ್ ಎಂಬ ಯಜಮಾನ ಸಂತ ಕ್ಲೆಮೆಂಟನನ್ನು ಹಿಡಿದು ಕಟ್ಟಿ ಎಳೆಯಲು ಆಳುಗಳಿಗೆ ಹೇಳುತ್ತಾನೆ. ಆಳುಗಳು ಸಂತ ಅಂದುಕೊಂಡು ಎಳೆಯುತ್ತಿರುವುದು ಒಂದು ಕಲ್ಲುಕಂಬವನ್ನು. ಯಜಮಾನ ಅವರಿಗೆ ಬೈಯುವ ಕೆಟ್ಟ ಬೈಗುಳವನ್ನು ಚಿತ್ರದಲ್ಲೇ ಬರೆದಿದ್ದಾರೆ, ಅದೂ ಲ್ಯಾಟಿನ್‌ನಲ್ಲಿ ಅಲ್ಲ, ಆಗಿನ ಬೀದಿ ಮಾತಿನಲ್ಲಿ. ಬರಹದಲ್ಲಿ ಉಳಿದಿರುವ ಇಟಾಲಿಯನ್‌ನ ತೀರಾ ಹಳೆಯ ಸಾಲುಗಳಲ್ಲಿ ಇದೂ ಒಂದು. ಚರ್ಚಿನ ಗೋಡೆ ಮೇಲೆ ಬೈಗುಳ! ಕೆಳಗೆ ಮೆಟ್ಟಿಲು ಜಾಸ್ತಿ, ತೇವ ಇರುತ್ತದೆ. ಅಮ್ಮನಿಗೆ ಕಷ್ಟ ಅನಿಸಿದರೆ ಮೇಲೆಯೇ ಕೂತು ಗರ್ಭಗುಡಿಯ ಚಿನ್ನದ ಮೊಸಾಯಿಕ್ ನೋಡಲಿ, ಅದೇನೂ ಕಮ್ಮಿಯಲ್ಲ.

ಸಂಜೆಗಳಿಗೆ ಕ್ಯಾರವಾಜೊ ಎಂಬ ಚಿತ್ರಕಾರನ ಚಿತ್ರಗಳನ್ನು ಇಟ್ಟುಕೊಳ್ಳಿ. ಸಾನ್ ಲುಯಿಜಿ ದೇಯಿ ಫ್ರಾಂಚೇಜಿ ಎಂಬ ಚರ್ಚ್ ಪಿಯಾತ್ಸಾ ನವೋನಾ ಚೌಕದ ಪಕ್ಕದಲ್ಲೇ ಇದೆ, ಪ್ರವೇಶ ಫ್ರೀ. ಎಡಗಡೆ ಕೊನೆಯ ಗೂಡಿನಲ್ಲಿ ಸಂತ ಮ್ಯಾಥ್ಯೂ ಕಥೆಯ ಮೂರು ಚಿತ್ರಗಳು. ಕತ್ತಲೆ ಇರುತ್ತದೆ. ಪಕ್ಕದ ಡಬ್ಬಿಗೆ ನಾಣ್ಯ ಹಾಕಿದರೆ ಲೈಟ್ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಟಕ್ ಅಂತ ಆರಿಹೋಗುತ್ತದೆ. ಯಾರಾದರೂ ನಾಣ್ಯ ಹಾಕಲಿ ಅಂತ ಎಲ್ಲರೂ ಕಾಯುತ್ತಾ ನಿಂತಿರುತ್ತಾರೆ. ಚಿಲ್ಲರೆ ಇಟ್ಟುಕೊಂಡು ಹೋಗಿ, ಹಾಕುವವರು ನೀವೇ ಆಗಿ. ಅಲ್ಲಿಂದ ಎರಡು ಹೆಜ್ಜೆ ನಡೆದರೆ ಸಾಂತ್ ಅಗೊಸ್ತೀನೊ. ಅಲ್ಲಿನ ಚಿತ್ರದಲ್ಲಿ ಮೇರಿಯ ಮುಂದೆ ಮಂಡಿಯೂರಿದ ಬಡ ಯಾತ್ರಿಕನ ಮಣ್ಣು ಮೆತ್ತಿದ ಅಂಗಾಲು ನೇರ ನಿಮ್ಮ ಮುಖಕ್ಕೇ ಬರುತ್ತದೆ. ಬರೆದ ಕಾಲದಲ್ಲಿ ಅದಕ್ಕೆ ದೊಡ್ಡ ಗಲಾಟೆಯೇ ಆಗಿತ್ತು. ಚರ್ಚ್‌ಗಳಿಗೆ ಹೋಗುವಾಗ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಬೋರ್ಗೇಸೆಯಲ್ಲಿ ಒಂದು ಸರದಿಗೆ ಎರಡು ಗಂಟೆ ಅಷ್ಟೇ. ಬರ್ನಿನಿ ಕೆತ್ತಿದ ಪ್ರೊಸರ್ಪಿನಾ ಮುಂದೆ ನಿಂತು, ಅವಳನ್ನು ಹೊತ್ತೊಯ್ಯುತ್ತಿರುವ ಪಾತಾಳದ ದೇವರು ಪ್ಲೂಟೊನ ಬೆರಳು ನೋಡಿ. ಅವಳ ತೊಡೆಯಲ್ಲಿ ಊರಿದ ಕಡೆ ಅಮೃತಶಿಲೆ ಮಾಂಸದ ಹಾಗೆ ಒಳಗೆ ತಗ್ಗಿದೆ. ಇನ್ನೊಂದರಲ್ಲಿ ಅಪೊಲೊ ಕೈಗೆ ಸಿಗುವಷ್ಟರಲ್ಲಿ ಡ್ಯಾಫ್ನೆ ಮರವಾಗುತ್ತಿದ್ದಾಳೆ, ಬೆರಳ ತುದಿಯಲ್ಲಿ ಎಲೆ ಒಡೆಯುತ್ತಿದೆ. ಸುತ್ತ ತಿರುಗಿ ನೋಡಬೇಕು, ಒಂದೇ ಕಡೆ ನಿಂತು ಫೋಟೊ ಹೊಡೆದುಕೊಂಡು ಬರಬೇಡಿ.

ವ್ಯಾಟಿಕನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲಾ ಕಡೆ ಬರೆದಿದ್ದಾರೆ. ನಡೆಯುವುದು ವಿಪರೀತ. ಅಮ್ಮನಿಗೆ ಒಳಗೆ ವೀಲ್‌ಚೇರ್ ಸಿಗುತ್ತದೆ, ಸಂಕೋಚ ಬೇಡ. ಚಿತ್ರಕಾರ ರಾಫೆಲ್‌ನ ಕೋಣೆಗಳು ಮತ್ತು ಸಿಸ್ಟೀನ್ ಚಾಪೆಲ್ ಎರಡೇ ಗುರಿ ಇಟ್ಟುಕೊಂಡು ಉಳಿದದ್ದು ಕಂಡಷ್ಟು ಕಾಣಲಿ. ಚಾಪೆಲ್‌ನ ಗೋಡೆ ಉದ್ದಕ್ಕೂ ಬೆಂಚುಗಳಿವೆ. ಜಾಗ ಖಾಲಿಯಾದ ಕೂಡಲೇ ಅಮ್ಮನನ್ನು ಕೂರಿಸಿ. ಮೈಕೆಲೆಂಜೆಲೊ ಚಾವಣಿ ಬರೆದದ್ದು 1508ರಿಂದ 1512ರವರೆಗೆ, ಎದುರು ಗೋಡೆಯ "ಕೊನೇ ತೀರ್ಪು" ಚಿತ್ರ ಅದಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ. ಎರಡರಲ್ಲಿ ಮನುಷ್ಯರ ಮೈಕಟ್ಟು, ಮುಖಭಾವ ಎಷ್ಟು ಬದಲಾಗಿದೆ ನೋಡಿ. ಸೇಂಟ್ ಪೀಟರ್ಸ್ ಒಳಗೆ ಹೋಗಲು ದುಡ್ಡಿಲ್ಲ, ಆದರೆ ಸೆಕ್ಯುರಿಟಿ ಕ್ಯೂ ಇದೆ. ಬೆಳಗ್ಗೆ ಏಳಕ್ಕೇ ಹೋದರೆ ಆರಾಮ.

ಇನ್ನು ಊಟ. ಇಟಲಿಯಲ್ಲಿ ವೆಜ್‌ಗೆ ಬರ ಇಲ್ಲ, ಆದರೆ ಮೋಸ ಹೋಗುವ ಜಾಗಗಳಿವೆ. ಸುಪ್ಲಿ ಎಂಬ ಅನ್ನದ ಬೋಂಡದೊಳಗೆ ಸಾಮಾನ್ಯವಾಗಿ ಮಾಂಸದ ಸಾಸ್ ಇರುತ್ತದೆ. ಕುಂಬಳದ ಜಾತಿಯ ಹೂವಿನ ಬಜ್ಜಿ ನೋಡಲು ನಮ್ಮದೇ, ಒಳಗೆ ಸಣ್ಣ ಉಪ್ಪುಮೀನು. ಸೂಪಿಗೆ ಮಾಂಸದ ನೀರು ಹಾಕಿರಬಹುದು. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ" ಅಂದರೆ ಮಾಂಸ ಬೇಡ, ಮೀನು ಬೇಡ. ಮೊಟ್ಟೆಯೂ ಬೇಡ ಅಂದ್ರೆ "ಸೆಂತ್ಸಾ ಉವೋವಾ" ಸೇರಿಸಿ, ಕೆಲವು ಪಾಸ್ತಾ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ರೋಮ್‌ನದೇ ಆದ ಕಾಚೊ ಎ ಪೇಪೆ ತಿನ್ನಿ, ಬರೀ ಚೀಸ್ ಮತ್ತು ಕಾಳುಮೆಣಸು. ಒಂದು ಮಾತು: ಅಲ್ಲಿನ ಪೆಕೊರಿನೊ, ಪಾರ್ಮೆಸಾನ್ ಚೀಸ್‌ಗಳಿಗೆ ಕರುವಿನದೋ ಕುರಿಮರಿಯದೋ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಅಮ್ಮ ಕಟ್ಟುನಿಟ್ಟಾದರೆ ಚೀಸ್ ಇಲ್ಲದ ಪಿಜ್ಜಾ ಮರಿನಾರಾ, ಟೊಮೆಟೊ ಪಾಸ್ತಾ ಸರಿ. ಅನ್ನ ಬೇಕೇ ಬೇಕು ಅಂದ್ರೆ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಟೆರ್ಮಿನಿ ಸ್ಟೇಷನ್ ಹತ್ತಿರದ ಎಸ್ಕ್ವಿಲಿನೊ ಮಾರ್ಕೆಟಿನಲ್ಲಿ ನಮ್ಮ ಕಡೆಯ ಅಕ್ಕಿ, ಬೇಳೆ, ಮಸಾಲೆ ಎಲ್ಲಾ ಸಿಗುತ್ತದೆ. ಮನೆ ಬುಕ್ ಮಾಡುವಾಗ ಲಿಫ್ಟ್ ಇದೆಯಾ ಅಂತ ಎರಡು ಸಲ ಕೇಳಿ. ಅಲ್ಲಿನ ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ.

ಅಮ್ಮನಿಗೆ ಒಳ್ಳೆ ಶೂ ಕೊಡಿಸಿ, ಸ್ಯಾಂಡಲ್ ಬೇಡ. ಹಳೇ ಊರಿನ ರಸ್ತೆಗಳೆಲ್ಲ ಸಣ್ಣ ಸಣ್ಣ ಕಪ್ಪುಗಲ್ಲು ಜೋಡಿಸಿದ್ದು, ಏರುಪೇರು. ನೀರು ಕೊಂಡು ಕುಡಿಯಬೇಡಿ. ಬೀದಿಗಳಲ್ಲಿ ಸೊಂಡಿಲಿನಂಥ ನಲ್ಲಿಯ ಕಂಬಗಳಿವೆ, ಸದಾ ಹರಿಯುತ್ತಿರುತ್ತವೆ. ನಲ್ಲಿ ಬಾಯಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ತೂತಿಂದ ನೀರು ಚಿಮ್ಮುತ್ತದೆ, ಬಗ್ಗದೇ ಕುಡಿಯಬಹುದು. ಟೆರ್ಮಿನಿ ಸುತ್ತಮುತ್ತ ಮತ್ತು ಮೆಟ್ರೊದಲ್ಲಿ ಪರ್ಸ್ ಹಿಂದಿನ ಜೇಬಿನಲ್ಲಿ ಇಡಬೇಡಿ.

ಈಗ ನಿಮ್ಮ ಅಪ್ಪನ ವಿಷಯ. ರೋಮ್ ಎಂಜಿನಿಯರ್‌ಗಳ ಊರು, ಅವರಿಗೆ ಬೋರ್ ಆಗುವ ಮಾತೇ ಇಲ್ಲ. ಪ್ಯಾಂಥಿಯನ್ ಗುಮ್ಮಟದ ಅಡ್ಡಳತೆ 43 ಮೀಟರ್‌ಗೂ ಜಾಸ್ತಿ, ನೆಲದಿಂದ ಎತ್ತರವೂ ಅಷ್ಟೇ. ಒಳಗೆ ಒಂದು ಕಂಬಿಯೂ ಇಲ್ಲದ ಕಾಂಕ್ರೀಟ್, ಸುಮಾರು 1900 ವರ್ಷದಿಂದ ನಿಂತಿದೆ. ನೆತ್ತಿಯಲ್ಲಿ ತೆರೆದ ತೂತಿದೆ, ಮಳೆ ಬಂದರೆ ಒಳಗೇ ಬೀಳುತ್ತದೆ, ನೆಲದಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ಅವನ್ನು ಹುಡುಕುವ ಕೆಲಸ ಅಪ್ಪನಿಗೆ ಕೊಡಿ.

ಒಂದು ಬೆಳಗ್ಗೆ ಮೆಟ್ರೊ ಎ ಲೈನ್ ಹಿಡಿದು ಕಾಲುವೆಗಳ ಪಾರ್ಕ್‌ಗೆ ಹೋಗಿ. ಸುಬೌಗುಸ್ತಾ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆಯಬೇಕು, ಟಿಕೆಟ್ ಇಲ್ಲ. ಕ್ರಿ.ಶ. 52ರಲ್ಲಿ ಮುಗಿದ ಆಕ್ವಾ ಕ್ಲೌಡಿಯಾ ಎಂಬ ನೀರಿನ ಮೇಲ್ಗಾಲುವೆಯ ಕಮಾನುಗಳು ಹುಲ್ಲುಗಾವಲಿನಲ್ಲಿ ಸಾಲಾಗಿ ನಿಂತಿವೆ. ಸುಮಾರು 69 ಕಿಲೋಮೀಟರ್ ದೂರದಿಂದ ನೀರು ಬರೀ ಇಳಿಜಾರಿನಲ್ಲೇ ಊರಿಗೆ ಬರುತ್ತಿತ್ತು. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ಎತ್ತಲು ಎಷ್ಟು ಕರೆಂಟ್ ಬೇಕು ಅಂತ ಬಲ್ಲವರು ನಿಮ್ಮ ಅಪ್ಪ, ಬೇರೆ ವಿವರಣೆ ಬೇಕಿಲ್ಲ. ವಾಪಸ್ ಬರುವಾಗ ಅದೇ ಲೈನಿನ ಸಾನ್ ಜೊವಾನಿಯಲ್ಲಿ ಇಳಿದು ಸಿ ಲೈನಿನ ಸ್ಟೇಷನ್ ಒಳಗೆ ಹೋಗಿ. 2018ರಲ್ಲಿ ತೆರೆದದ್ದು. ಕೆಳಗೆ ಇಳಿಯುತ್ತಾ ಹೋದ ಹಾಗೆ ಯಾವ ಆಳದಲ್ಲಿ ಯಾವ ಕಾಲದ ಮಣ್ಣು ಅಂತ ಗೋಡೆ ಮೇಲೆ ಬರೆದಿದ್ದಾರೆ, ಅಗೆಯುವಾಗ ಸಿಕ್ಕ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಮೆಟ್ರೊ ಟಿಕೆಟಿನಲ್ಲೇ ಮ್ಯೂಸಿಯಂ ಆಯ್ತು.

ಆದರೆ ಅವರಿಗೆ ನಿಜವಾದ ಹಬ್ಬ ಚೆಂತ್ರಾಲೆ ಮೊಂತೆಮಾರ್ತಿನಿ. 1912ರಲ್ಲಿ ಶುರುವಾದ ವಿದ್ಯುತ್ ಕೇಂದ್ರ ಅದು. ನಿಂತುಹೋದ ಮೇಲೆ 1997ರಲ್ಲಿ ಜಾಗ ಸಾಲದ ಕ್ಯಾಪಿಟೊಲೈನ್ ಮ್ಯೂಸಿಯಂನವರು ತಮ್ಮ ಶಿಲ್ಪಗಳನ್ನು ಇಲ್ಲಿ ತಂದಿಟ್ಟರು. ಯಂತ್ರಗಳನ್ನು ತೆಗೆಯಲಿಲ್ಲ. ಭಾರಿ ಡೀಸೆಲ್ ಎಂಜಿನ್, ಬಾಯ್ಲರ್, ಪೈಪುಗಳ ಮುಂದೆ ಬಿಳೀ ದೇವತೆಗಳು ಸಾಲಾಗಿ ನಿಂತಿದ್ದಾರೆ. ನೀವೂ ಅಮ್ಮನೂ ಶಿಲ್ಪ ನೋಡಿ, ಅಪ್ಪ ಎಂಜಿನ್ ನೋಡಲಿ. ಬಿ ಲೈನಿನ ಗರ್ಬಾತೆಲ್ಲಾ ಸ್ಟೇಷನ್‌ನಲ್ಲಿ ಇಳಿದರೆ ನಡೆದು ಹೋಗುವಷ್ಟು ಹತ್ತಿರ. ಸೋಮವಾರ ರಜೆ. ಉಳಿದ ದಿನ ಜನ ಕಮ್ಮಿ, ಟಿಕೆಟ್ ಅಲ್ಲೇ ತಗೊಂಡರೆ ಸಾಕು.