ಬರೆದಿಟ್ಟ ಮಾತಿಲ್ಲ, ಬರೆದಿಟ್ಟ ಹಾಡಿಲ್ಲ. ನಿರ್ದೇಶಕನಿಗೆ ಏನು ಕೆಲಸ?

ನೀವು ಕೇಳಿರುವುದು ಇಷ್ಟು: ನಿಮ್ಮ ಹವ್ಯಾಸಿ ತಂಡ ಪ್ರೇಕ್ಷಕರು ಕೊಟ್ಟ ಒಂದು ಪದವನ್ನು ಹಿಡಿದು, ಅಲ್ಲೇ ಕತೆ ಕಟ್ಟಿ, ಅಲ್ಲೇ ಹಾಡು ಕಟ್ಟಿ ಹಾಡುವ ಇಂಪ್ರೊವ್ ಹಾಸ್ಯ ಪ್ರದರ್ಶನ ಮಾಡಹೊರಟಿದೆ, ನಿಮ್ಮನ್ನು ನಿರ್ದೇಶಕರನ್ನಾಗಿ ಕೂರಿಸಿದ್ದಾರೆ. ನಾಟಕವೇ ಇಲ್ಲದ ಮೇಲೆ ನಿರ್ದೇಶಿಸುವುದು ಏನನ್ನು? ಹಾಡಲು ಬಾರದ ಇಬ್ಬರು ಒಳ್ಳೆಯ ನಟರನ್ನು ಇಟ್ಟುಕೊಳ್ಳಬೇಕೇ, ಬಿಡಬೇಕೇ?

ಎರಡನೆಯದಕ್ಕೆ ಉತ್ತರ ಸುಲಭ: ಇಟ್ಟುಕೊಳ್ಳಿ. ಏಕೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲನೆಯ ಪ್ರಶ್ನೆ ಮಾತ್ರ ನನ್ನನ್ನು ಬಹಳ ದಿನ ಕಾಡಿಸಿದೆ. ನಾನು ಅಚ್ಚಾದ ನಾಟಕಗಳನ್ನೇ ಆಡಿಸಿಕೊಂಡು ಬಂದವನು. ಯಾರು ಯಾವ ಮಾತಿಗೆ ಎದ್ದು ನಿಲ್ಲಬೇಕು, ಲೋಟ ಯಾವ ಕೈಯಲ್ಲಿರಬೇಕು ಎಂಬುದನ್ನೆಲ್ಲ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುವ ಜಾತಿ. ಪುಸ್ತಕವೇ ಇಲ್ಲದ ಪ್ರದರ್ಶನಕ್ಕೆ ನಿರ್ದೇಶಕ ಎಂದು ಕರಪತ್ರದಲ್ಲಿ ಹೆಸರು ಹಾಕಿಸಿಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ಸೈಡ್‌ವಿಂಗಿನಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಟ್ಟಿದ್ದು. ವೇದಿಕೆಯ ಮೇಲೆ ಯಾರಾದರೂ ತಡವರಿಸಿದರೆ ಸಾಕು, ಒಳಗಿನಿಂದ ‘ಮಾವ ಬಂದ ಎನ್ನು, ಮಾವ ಬಂದ ಎನ್ನು’ ಎಂದು ಪಿಸುಗುಟ್ಟುತ್ತಿದ್ದೆ. ಮೂರನೆಯ ಸಲಕ್ಕೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಪುಟ್ಟ ಹುಡುಗಿಯೊಬ್ಬಳು ನನಗಿಂತ ಮೊದಲೇ ‘ಮಾವ ಬಂದ’ ಎಂದು ಕೂಗಿಬಿಟ್ಟಳು. ಆ ಸಂಜೆ ಜನ ಅತಿ ಜೋರಾಗಿ ನಕ್ಕಿದ್ದು ಅದಕ್ಕೇ.

ಪ್ರದರ್ಶನದ ಹೊತ್ತಿನಲ್ಲಿ ನಿರ್ದೇಶಕ ನಾನಲ್ಲ, ಹಾರ್ಮೋನಿಯಂ ಮುಂದೆ ಕುಳಿತವನು ಎಂಬುದು ಆಮೇಲೆ ಹೊಳೆಯಿತು. ಕನ್ನಡದವರಿಗೆ ಇದು ಹೊಸ ವಿಷಯ ಆಗಬಾರದಿತ್ತು. ಯಕ್ಷಗಾನದಲ್ಲಿ ಭಾಗವತರನ್ನು ಒಂದನೇ ವೇಷ ಎಂದೇ ಕರೆಯುತ್ತಾರೆ. ಬಣ್ಣ ಹಚ್ಚದ ಆ ವೇಷ ಕುಳಿತಲ್ಲಿಂದಲೇ ಇಡೀ ಆಟವನ್ನು ನಡೆಸುತ್ತದೆ. ಯಾವ ಪದ್ಯವನ್ನು ಎತ್ತಿಕೊಳ್ಳಬೇಕು, ಯಾವುದನ್ನು ಹಾರಿಸಬೇಕು, ವೇಷಧಾರಿಯ ಮಾತು ಮಿತಿ ಮೀರಿತು ಎನಿಸಿದಾಗ ಎಲ್ಲಿ ಮುಂದಿನ ಪದ್ಯ ಶುರುಮಾಡಿ ಅವನ ಬಾಯಿ ಕಟ್ಟಿಸಬೇಕು, ಎಲ್ಲವೂ ಅವರ ಕೈಯಲ್ಲಿ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಮಾತು ಹೆಣೆಯುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರೋ ದೇರಾಜೆ ಸೀತಾರಾಮಯ್ಯನವರೋ ಅರ್ಥ ಹೇಳಲು ಕುಳಿತಾಗ ಎದುರಿಗೆ ಸಂಭಾಷಣೆಯ ಹಾಳೆ ಇರುತ್ತಿರಲಿಲ್ಲ. ಎದುರಾಳಿ ಈಗಷ್ಟೇ ಆಡಿದ ಮಾತು ಇರುತ್ತಿತ್ತು.

ಆದರೆ ಅಲ್ಲಿ ಪದ್ಯವಾದರೂ ಪ್ರಸಂಗದಲ್ಲಿ ಬರೆದಿಟ್ಟದ್ದು. ನಿಮ್ಮಲ್ಲಿ ಮಾತೂ ತೇಲುತ್ತದೆ, ಹಾಡೂ ತೇಲುತ್ತದೆ. ಏನಾದರೊಂದನ್ನು ಗೂಟಕ್ಕೆ ಕಟ್ಟದಿದ್ದರೆ ನಟರು ಮುಳುಗುತ್ತಾರೆ. ನಾವು ಕಟ್ಟಿದ್ದು ಧಾಟಿಗಳನ್ನು. ಜೋಗುಳದ ಧಾಟಿ, ಭಜನೆಯ ಧಾಟಿ, ಲಾವಣಿ, ಇಬ್ಬರ ಸವಾಲು-ಜವಾಬು, ಒಂದು ನಿಧಾನದ ಅಳುವ ಹಾಡು, ಕಂಪೆನಿ ನಾಟಕದಲ್ಲಿ ರಾಜ ಪ್ರವೇಶಿಸುವಾಗ ಹಾಡುವಂಥ ಒಂದು ಠೀವಿಯ ಹಾಡು: ಈ ಆರರಲ್ಲಿ ಯಾವುದನ್ನು ಬೇಕಾದರೂ ನಿದ್ದೆಗಣ್ಣಿನಲ್ಲೂ ಹಿಡಿಯುವಷ್ಟು ರೂಢಿ ಮಾಡಿಸಿದೆ. ಸಾಹಿತ್ಯ ಆಯಾ ಸಂಜೆಯದು. ಎಲ್ಲ ಹಾಡುಗಳನ್ನೂ ಐದಾರು ಸ್ವರಗಳ ಒಳಗೇ ಇಟ್ಟುಕೊಂಡೆವು. ಗಂಡಸರ ಶ್ರುತಿಯೇ ಬೇರೆ, ಹೆಂಗಸರ ಶ್ರುತಿಯೇ ಬೇರೆ. ಮೇಲಿನ ಷಡ್ಜಕ್ಕೆ ಕೈಚಾಚುವ ಹಾಡನ್ನು ಎಂಟು ಜನ ಸೇರಿ ಹಾಡಿದರೆ ಅದು ಹಾಡಾಗುವುದಿಲ್ಲ, ದೊಂಬಿಯಾಗುತ್ತದೆ.

ಮಾಸ್ಟರ್ ಹಿರಣ್ಣಯ್ಯನವರನ್ನು (1934–2019) ನೆನೆದು ‘ಅವರು ಅಂದಂದಿನ ರಾಜಕೀಯವನ್ನು ವೇದಿಕೆಯ ಮೇಲೆಯೇ ಸೇರಿಸಿ ಮಾತನಾಡುತ್ತಿರಲಿಲ್ಲವೇ, ಅವರಿಗೆ ಯಾವ ಗೂಟವಿತ್ತು’ ಎಂದು ನಮ್ಮ ತಂಡದಲ್ಲೂ ಒಬ್ಬರು ಕೇಳಿದ್ದರು. ‘ಲಂಚಾವತಾರ’ದಲ್ಲಿ ಅವರು ಎಷ್ಟು ದೂರ ಅಲೆದರೂ ಹಿಂತಿರುಗಿ ಬರಲು ಒಂದು ಗಟ್ಟಿಮುಟ್ಟಾದ ನಾಟಕ ಅಲ್ಲೇ ನಿಂತಿರುತ್ತಿತ್ತು. ಗೂಟ ಇದ್ದವರಿಗೇ ಹಗ್ಗ ಅಷ್ಟು ಉದ್ದ ಬಿಡಲು ಸಾಧ್ಯ. ನಮಗೆ ಅಂಥ ನಾಟಕವಿಲ್ಲ, ಹಿರಣ್ಣಯ್ಯನವರ ನಾಲಗೆಯೂ ಇಲ್ಲ, ಆರು ಧಾಟಿಗಳಿವೆ.

ಇನ್ನು ತಾಲೀಮು. ನಿಮ್ಮ ಕೆಲಸದ ಮುಕ್ಕಾಲು ಪಾಲು ಇಲ್ಲೇ ಮುಗಿಯಬೇಕು. ಕತೆಗಳನ್ನು ಅಭ್ಯಾಸ ಮಾಡಿಸಬೇಡಿ; ಒಮ್ಮೆ ಚೆನ್ನಾಗಿ ಬಂದ ಕತೆಯನ್ನು ಮತ್ತೆ ಆಡಿಸಿದರೆ ನಟರು ಹಳೆಯ ನಗುವನ್ನು ಹುಡುಕತೊಡಗುತ್ತಾರೆ, ಎದುರಿನವರ ಮಾತು ಕಿವಿಗೆ ಬೀಳುವುದು ನಿಲ್ಲುತ್ತದೆ. ಅಭ್ಯಾಸವಾಗಬೇಕಾದದ್ದು ಕಿವಿಗೆ. ಈ ಬಗೆಯ ರಂಗದಾಟಗಳಿಗೆ ಅಡಿಪಾಯ ಹಾಕಿದವರಲ್ಲಿ ಮುಖ್ಯಳಾದ ವಯೋಲಾ ಸ್ಪೋಲಿನ್ 1939ರಿಂದ 1941ರವರೆಗೆ ಶಿಕಾಗೊದಲ್ಲಿ, ಬೇರೆ ಬೇರೆ ನಾಡುಗಳಿಂದ ವಲಸೆ ಬಂದವರ ಮಕ್ಕಳ ಜೊತೆ ಕೆಲಸ ಮಾಡುತ್ತ ಅವುಗಳನ್ನು ರೂಪಿಸಿದಳು. ಉಪದೇಶ ಹತ್ತದ ಮಕ್ಕಳಿಗೂ ಆಟ ಹತ್ತುತ್ತದೆ. ಆಕೆಯ ಮಗ ಪಾಲ್ ಸಿಲ್ಸ್ 1959ರಲ್ಲಿ ಅದೇ ಊರಿನಲ್ಲಿ ಸೆಕೆಂಡ್ ಸಿಟಿ ಎಂಬ ಹಾಸ್ಯರಂಗವನ್ನು ಕಟ್ಟಿದವರಲ್ಲಿ ಒಬ್ಬ. ನಮ್ಮ ತಾಲೀಮಿನ ಆಟಗಳೂ ಅಂಥವೇ. ಎದುರಿನವನ ಸಾಲಿನ ಕೊನೆಯ ಪದದಿಂದಲೇ ನಿನ್ನ ಸಾಲು ಶುರುವಾಗಬೇಕು. ಅವಳು ನಿನ್ನನ್ನು ‘ಚಿಕ್ಕಪ್ಪ’ ಎಂದಳೋ, ನೀನು ಚಿಕ್ಕಪ್ಪನೇ. ‘ನಾನು ನಿನ್ನ ಚಿಕ್ಕಪ್ಪನಲ್ಲ’ ಎಂದರೆ ಜನ ಒಮ್ಮೆ ನಗುತ್ತಾರೆ, ಆದರೆ ಅವಳು ಕಟ್ಟುತ್ತಿದ್ದ ಮನೆ ಕುಸಿದುಬೀಳುತ್ತದೆ. ಅಗ್ಗದ ನಗುವಿಗಾಗಿ ಮನೆ ಕೆಡವುವವರನ್ನು ಮೊದಲ ವಾರದಲ್ಲೇ ಗುರುತಿಸಿಕೊಳ್ಳಿ. ಹಾಡಲು ಬಾರದವರು ಇರಲಿ, ಕೇಳಿಸಿಕೊಳ್ಳಲು ಬಾರದವರನ್ನು ಮಾತ್ರ ದಯವಿಟ್ಟು ಬಿಡಿ.

ಮಾತು ಎಲ್ಲಿ ಹಾಡಾಗಬೇಕು ಎಂಬುದು ಎಲ್ಲರಿಗೂ ಗೋಜಲು. ನಾವು ಒಂದು ಗುರುತು ಇಟ್ಟುಕೊಂಡಿದ್ದೇವೆ: ನಟ ಒಂದೇ ಮಾತನ್ನು ಮೂರನೆಯ ಸಲ ಹೇಳಿದರೆ ಅದು ಪಲ್ಲವಿ. ಮನಸ್ಸು ಕುದಿಯುತ್ತಿರುವಾಗಲೇ ಮನುಷ್ಯ ಹೇಳಿದ್ದನ್ನೇ ಹೇಳುವುದು. ಹಾರ್ಮೋನಿಯಂನವರು ಅಷ್ಟರಲ್ಲಿ ಧಾಟಿ ಆರಿಸಿ ಶ್ರುತಿ ಹಿಡಿದಿರುತ್ತಾರೆ. ಆರಿಸುವ ಹಕ್ಕು ಅವರದೇ, ನಟನದಲ್ಲ. ಸಾಲು ಹೊಳೆಯದಿದ್ದಾಗ ಮೇಳ ಕೈಹಿಡಿಯಬೇಕು. ಇದನ್ನು ಕಲಿಯಬೇಕೆಂದಿದ್ದರೆ ಗೀಗೀ ಪದ ಹಾಡುವವರ ಎದುರು ಒಂದು ರಾತ್ರಿ ಕುಳಿತುಬನ್ನಿ. ಮುಂದಾಳು ಒಂದು ನುಡಿ ಮುಗಿಸುತ್ತಿದ್ದಂತೆ ಹಿಮ್ಮೇಳದವರು ದಪ್ಪು, ತುಂತುಣಿಯ ಜೊತೆ ‘ಗೀ ಗೀ’ ಎಂದು ದನಿ ಎಳೆಯುತ್ತಾರಲ್ಲ, ಕೇಳುವವರಿಗೆ ಅದು ರಂಜನೆ, ಹಾಡುವವನಿಗೆ ಉಸಿರು ತೆಗೆದುಕೊಳ್ಳಲು ಸಿಕ್ಕ ಬಿಡುವು. ಹರದೇಶಿ-ನಾಗೇಶಿ ಮೇಳಗಳು ಎದುರುಬದುರು ನಿಂತು ಸವಾಲಿಗೆ ಜವಾಬು ಕೊಡುವಾಗ ಆ ಬಿಡುವಿನಲ್ಲೇ ಮುಂದಿನ ಏಟು ಹದವಾಗುವುದು.

ಪ್ರಾಸದ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಹೀಗೆ ಹಾಡು ಕಟ್ಟುವವರು ಎರಡನೆಯ ಸಾಲಿನ ಕೊನೆಯ ಪದವನ್ನು ಮೊದಲೇ ಮನಸ್ಸಿನಲ್ಲಿ ಹಿಡಿದು, ಅಲ್ಲಿಗೆ ತಲುಪುವಂತೆ ಸಾಲು ಕಟ್ಟುತ್ತಾರೆ. ಅವರಿಗೆ ಅಂತ್ಯಪ್ರಾಸ ಕಷ್ಟದ್ದು, ಆದ್ದರಿಂದಲೇ ಅದು ಕೂಡಿಬಂದಾಗ ಚಪ್ಪಾಳೆ. ನಮ್ಮಲ್ಲಿ ವಾಕ್ಯದ ಕೊನೆಗೆ ಕ್ರಿಯಾಪದ ಬಂದು ಕೂರುವುದರಿಂದ ಅದು ಪುಕ್ಕಟೆ ಸಿಗುತ್ತದೆ. ಬಂದನು, ನಿಂದನು, ತಿಂದನು, ಎಂದನು. ಮೂರನೆಯ ಸಾಲಿನ ಹೊತ್ತಿಗೆ ಪ್ರೇಕ್ಷಕರು ನಿಮಗಿಂತ ಮುಂದೆ ಇರುತ್ತಾರೆ. ಇದಕ್ಕೆ ನಾವು ಕಂಡುಕೊಂಡ ಮದ್ದು ಎರಡು. ಹಾಡಿನಲ್ಲಿ ಪದಗಳನ್ನು ಹಿಂದುಮುಂದು ಮಾಡುವ ಸಲಿಗೆ ಇದೆಯಲ್ಲ, ಅದನ್ನು ಬಳಸಿ ಕ್ರಿಯಾಪದವನ್ನು ಮುಂದೆ ತಂದು ನಾಮಪದವನ್ನು ಸಾಲಿನ ಕೊನೆಗೆ ನಿಲ್ಲಿಸುವುದು ಒಂದು. ಇನ್ನೊಂದು, ನಮ್ಮ ಹಳೆಯ ಕವಿಗಳ ಆದಿಪ್ರಾಸ. ಸಾಲಿನ ಎರಡನೆಯ ಅಕ್ಷರ ಹೊಂದಿದರೆ ಸಾಕು: ಬೀಗ, ಜಾಗ, ಮೂಗು, ರಾಗಿ. ಬಾಯಿ ತೆರೆದ ಕೂಡಲೇ ಪ್ರಾಸದ ಸಾಲ ತೀರಿಹೋಗುತ್ತದೆ, ಉಳಿದ ಸಾಲು ಪೂರ್ತಿ ನಿಮ್ಮದು. ಆಶುವಾಗಿ ಹಾಡುವವನಿಗೆ ಇದಕ್ಕಿಂತ ಉಪಕಾರಿ ನಿಯಮವನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಛಂದಸ್ಸು ಬಾಯಿಪಾಠ ಮಾಡಿಸಿದ ಮೇಷ್ಟ್ರು ಇದನ್ನು ಹೇಳಿದ್ದರೆ ನಾನೂ ಎಲ್ಲರಂತೆ ತೂಕಡಿಸುತ್ತಿರಲಿಲ್ಲ.

ಹಾಡಲು ಬಾರದವರ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಒಬ್ಬ ನಟನಿದ್ದಾನೆ. ಅವನ ಗಂಟಲಿಗೂ ಶ್ರುತಿಗೂ ಪೂರ್ವಜನ್ಮದ ವೈರ. ಒಂದು ಸಂಜೆ ಪ್ರೇಕ್ಷಕರಿಂದ ಬಂದ ಪದ ‘ಬೀಗದ ಕೈ’. ಅವನು ನಿವೃತ್ತ ಗುಮಾಸ್ತ, ಕಪಾಟಿನ ಬೀಗದ ಕೈ ಕಳೆದುಕೊಂಡಿದ್ದಾನೆ. ಹೆಂಡತಿಯ ಪಾತ್ರದವಳು ‘ಎಲ್ಲಿ ಇಟ್ಟಿರಿ’ ಎಂದು ಮೂರನೆಯ ಸಲ ಕೇಳಿದಳು. ಹಾರ್ಮೋನಿಯಂನವರು ಭಜನೆಯ ಧಾಟಿ ಎತ್ತಿದರು. ಮೊದಲ ಚರಣ ಅವಳದು, ಸೊಗಸಾಗಿ ಬಂತು. ಎರಡನೆಯದು ಇವನ ಪಾಲು; ಬಾಯಿ ತೆರೆದ, ಏನೂ ಬರಲಿಲ್ಲ. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ನಿಂತಿತು, ತಬಲ ಮೆಲ್ಲಗೆ ನಡೆಯುತ್ತಿತ್ತು. ಅವನು ಅಂಗಿಯ ಜೇಬಿಗೆ ಕೈಹಾಕಿದ, ಸರಿಯಾಗಿ ತಾಳದ ಏಟಿಗೆ. ಮೇಳ ‘ಇಲ್ಲ’ ಎಂದಿತು. ಪ್ಯಾಂಟಿನ ಎಡ ಜೇಬು. ‘ಇಲ್ಲ.’ ಬಲ ಜೇಬು. ‘ಇಲ್ಲ.’ ಹೀಗೆ ಹಿಂದಿನ ಜೇಬು, ಹೆಂಡತಿಯ ಸೆರಗಿನ ಗಂಟು, ತಬಲದವರ ಜುಬ್ಬಾ. ಕೊನೆಗೆ ಬೆರಳೊಂದನ್ನು ಜೇಬಿನೊಳಗಿಂದ ಹೊರಗೆ ತೂರಿಸಿ, ಹಾಡದೆ, ಬರೀ ಲಯದಲ್ಲಿ ಹೇಳಿದ: ‘ಜೇಬಿನೊಳಗೆ ಜೇಬು ಹುಡುಕಿ ಸಿಕ್ಕಿತೊಂದು ತೂತು.’ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅವನ ಶ್ರುತಿಯನ್ನು ಯಾರೂ ಕೇಳಲಿಲ್ಲ. ತಾಳ ಒಂದು ಮಾತ್ರೆಯೂ ತಪ್ಪಿರಲಿಲ್ಲ. ನಿಮ್ಮ ಆ ಇಬ್ಬರಿಗೆ ತಾಳ ಕೂತಿದೆಯೇ ಎಂದು ಮಾತ್ರ ನೋಡಿ. ಹಾಡುವವರು ಉಳಿದವರಿದ್ದಾರೆ.

ಆ ಸಂಜೆ ತಪ್ಪಿದ್ದು ನಾನು. ಪ್ರದರ್ಶನದ ನಡುವೆ ನಿರ್ದೇಶಕನಿಗೆ ಉಳಿದಿರುವ ಒಂದೇ ಕೆಲಸ ದೀಪ ಆರಿಸುವುದು. ದೃಶ್ಯ ಮುಗಿಯಿತು ಎಂದು ನಟರಿಗೆ ತಿಳಿಯುವುದೇ ಕತ್ತಲಿನಿಂದ. ತೂತು ಕಂಡ ಕ್ಷಣ ನನ್ನ ಕೈ ಸ್ವಿಚ್ಚಿನ ಮೇಲೇ ಇತ್ತು. ಆದರೆ ಅಚ್ಚಾದ ನಾಟಕದ ಬುದ್ಧಿ ಬಿಡಬೇಕಲ್ಲ; ಬೀಗದ ಕೈ ಸಿಗದೆ ಕತೆ ಮುಗಿಯುವುದು ಹೇಗೆ ಎಂದುಕೊಂಡು ಕಾದೆ. ಪಾಪ, ಅವರು ಇನ್ನೂ ಮೂರು ನಿಮಿಷ ಹುಡುಕಿದರು, ಸಿಕ್ಕಿತು, ಕಪಾಟು ತೆರೆದರು, ನಗು ಅಷ್ಟರಲ್ಲಿ ತಣ್ಣಗಾಗಿತ್ತು. ಹಾರ್ಮೋನಿಯಂನವರು ಪೆಟ್ಟಿಗೆ ಮುಚ್ಚುತ್ತ ನನ್ನ ಕಡೆ ತಿರುಗಿ, “ಸರ್, ತೂತು ಸಿಕ್ಕಿದ ಮೇಲೆ ಬೀಗದ ಕೈ ಯಾರಿಗೆ ಬೇಕಿತ್ತು?” ಎಂದರು.

ಉಳಿದ ಒಂದೆರಡು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ರೇಕ್ಷಕರ ಮುಂದೆ ‘ಒಂದು ಪದ ಕೊಡಿ’ ಎಂದು ಕೇಳಬೇಡಿ. ಹಿಂದಿನ ಸಾಲಿನ ಯಾವನೋ ಪೋಲಿ ಮಾತನ್ನೇ ಕೂಗುತ್ತಾನೆ. ‘ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ನಿಮ್ಮ ಮನೆಯಲ್ಲಿ ಬಿದ್ದಿರುವ ವಸ್ತು ಯಾವುದು’ ಎಂದು ಕೇಳಿ ನೋಡಿ, ಒಳಗೇ ಒಂದು ಕತೆ ಇರುವ ಪದ ಬರುತ್ತದೆ. ಯಾರ ಜಾತಿ, ಬಣ್ಣ, ಮೈಕಟ್ಟನ್ನು ಹಿಡಿದು ಹಾಸ್ಯ ಮಾಡುವುದಿಲ್ಲ ಎಂಬುದನ್ನು ತಾಲೀಮಿನ ಮೊದಲ ದಿನವೇ ಬಾಯಿಬಿಟ್ಟು ಹೇಳಿರಿ, ಏಕೆಂದರೆ ಮಾತು ಹೊಳೆಯದೆ ಗಾಬರಿಯಾದ ನಟನ ನಾಲಗೆ ಮೊದಲು ಓಡುವುದು ಅಲ್ಲಿಗೇ. ಮತ್ತೆ, ನಿಮಗೂ ನನ್ನ ಹಾಗೆ ಕತೆ ಮುಗಿಸುವ ಚಟವಿದ್ದರೆ ಬೆಳಕಿನ ಸ್ವಿಚ್ಚನ್ನು ಬೇರೆಯವರ ಕೈಗೆ ಕೊಡಿ. ನಮ್ಮಲ್ಲಿ ಈಗ ಅದು ಆ ನಿವೃತ್ತ ಗುಮಾಸ್ತನ ‘ಹೆಂಡತಿ’ಯ ಕೈಯಲ್ಲಿದೆ, ಅವಳು ವೇದಿಕೆಯ ಮೇಲೆ ಇರುವ ದೃಶ್ಯಗಳಿಗೆ ಮಾತ್ರ ನನ್ನ ಪಾಳಿ.