ವಿರಾಜಪೇಟೆ ತೀರ್ಪಿನ ಶಿಕ್ಷೆ ಹೆಚ್ಚಾಯಿತೆ? ಉಳಿದ 18 ದಿನಗಳಲ್ಲಿ ಮಾಡಬೇಕಾದದ್ದು

ನಿಮ್ಮ ತಮ್ಮನಿಗೆ ವಿರಾಜಪೇಟೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಕೊಟ್ಟ ಜೈಲು ಶಿಕ್ಷೆ ಹೆಚ್ಚಾಯಿತೆ, ಮೇಲ್ಮನವಿ ಹಾಕಿದರೆ ಅದು ಇನ್ನೂ ಹೆಚ್ಚಾದೀತೆ ಎಂದು ಕೇಳಿದ್ದೀರಿ. ತೋಟದ ಬೇಲಿಯ ಜಗಳ, ಕತ್ತಿಯ ಗಾಯ, ಮೊದಲ ಅಪರಾಧ. ಆದರೂ ಎರಡು ವರ್ಷ. ಶಿಕ್ಷೆಯ ಪ್ರಮಾಣ ನಿರ್ಧರಿಸುವ ದಿನ ನಿಮ್ಮ ತಮ್ಮನ ಪರವಾಗಿ ಯಾವ ದಾಖಲೆಯೂ ಹೋಗದಿರುವುದೇ ಬಹುಶಃ ಇದಕ್ಕೆ ಕಾರಣ.

ಮ್ಯಾಜಿಸ್ಟ್ರೇಟ್ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ (ಅದರ ಮೇಲಿನ ಕ್ರಿಮಿನಲ್ ನ್ಯಾಯಾಲಯ) ಮೇಲ್ಮನವಿ ಹೋಗಲು 30 ದಿನಗಳ ಅವಕಾಶವಿದೆ. 12 ಕಳೆದಿವೆ, ತಡಮಾಡಬೇಡಿ. ಮೊದಲು ತೀರ್ಪಿನ ಪ್ರತಿ ಪಡೆಯಿರಿ; ಜೈಲು ಶಿಕ್ಷೆಯಾದವರಿಗೆ ಅದು ಉಚಿತ. ಮೇಲ್ಮನವಿಯ ಜೊತೆಯಲ್ಲೇ ಶಿಕ್ಷೆ ಅಮಾನತು (ಮೇಲ್ಮನವಿ ಮುಗಿಯುವವರೆಗೆ ಶಿಕ್ಷೆಯನ್ನು ತಡೆಹಿಡಿಯುವುದು) ಮತ್ತು ಜಾಮೀನಿಗೆ ಅರ್ಜಿ ಹಾಕಿಸಿ. ಇದನ್ನು ಬಿಟ್ಟರೆ ಮೇಲ್ಮನವಿಯ ವಿಚಾರಣೆ ಮುಗಿಯುವವರೆಗೂ ನಿಮ್ಮ ತಮ್ಮ ಜೈಲಿನಲ್ಲೇ ಇರಬೇಕಾದೀತು.

ತಪ್ಪಿತಸ್ಥನೆಂಬ ತೀರ್ಮಾನವನ್ನು ಒಪ್ಪಿಕೊಂಡು ಶಿಕ್ಷೆಯನ್ನಷ್ಟೇ ಪ್ರಶ್ನಿಸಬಹುದು. ವಯಸ್ಸು, ಅವಲಂಬಿತರು, ಹಿಂದೆ ಪ್ರಕರಣವಿಲ್ಲದಿರುವುದು, ಗಾಯಾಳುವಿಗೆ ಕೊಟ್ಟ ಪರಿಹಾರ, ವಿಚಾರಣೆಯ ವೇಳೆ ಜೈಲಿನಲ್ಲಿ ಕಳೆದ ದಿನಗಳು: ಎಲ್ಲಕ್ಕೂ ಕಾಗದ ಇರಲಿ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವಂತೆಯೂ ಕೇಳಿಸಿ. ಎಷ್ಟು ಕಡಿಮೆಯಾಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಗಾಯದ ವೈದ್ಯಕೀಯ ಪ್ರಮಾಣಪತ್ರದಲ್ಲಿ ಏನಿದೆ ಎಂಬುದು ಬಹಳ ಮುಖ್ಯ.

ಶಿಕ್ಷೆ ಹೆಚ್ಚಾದೀತೆಂಬ ನಿಮ್ಮ ಭಯ ಬೇಡ. ಸರ್ಕಾರ ಪ್ರತ್ಯೇಕವಾಗಿ ಮೇಲ್ಮನವಿ ಹಾಕದ ಹೊರತು ನಿಮ್ಮ ಮೇಲ್ಮನವಿಯಲ್ಲಿ ಅದನ್ನು ಹೆಚ್ಚಿಸುವಂತಿಲ್ಲ.

ವಕೀಲರ ಶುಲ್ಕ ಕಷ್ಟವಾದರೆ ನಾಳೆಯೇ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.